ಹಿಂದೆ ನಡೆಯುವವರಿಲ್ಲದ ಚರಗ

ಕೌಜಲಗಿಯ ಸತ್ತೆವ್ವ ಅರವತ್ಮೂರು ವರ್ಷದಲ್ಲಿ ಗೋಕಾಕ ಸೀಮೆ ದಾಟಿದ್ದು ಎರಡೇ ಸಲ. ಒಮ್ಮೆ ಹೊಟ್ಟೆನೋವಿಗೆ ಮಿರಜದ ದವಾಖಾನೆಗೆ, ಒಮ್ಮೆ ಮಗಳ ಬಾಣಂತನಕ್ಕೆ ಹುಕ್ಕೇರಿಗೆ. ಮೂರನೇ ಸಲ ದಾಟಿದ್ದು ಹಿಮಾಲಯಕ್ಕೆ. ಯಾಕ ಹೋಗಿದ್ದಿ ಅಂತ ಯಾರಾದರೂ ಕೇಳಿದರೆ, ರೊಟ್ಟಿ ಬಡಿಯಾಕ ಅನ್ನುತ್ತಾಳೆ. ಅದು ಸುಳ್ಳೂ ಅಲ್ಲ.

ಆಕೆಯ ಕೈಗೆ ರೊಟ್ಟಿ ಬಿಟ್ಟರೆ ಬೇರೆ ಗೊತ್ತಿದ್ದದ್ದು ಕುಡುಗೋಲು. ಅರಭಾವಿಯಲ್ಲಿ ಹುಟ್ಟಿ, ಮೈನೆರೆಯುವ ಮೊದಲೇ ಕೌಜಲಗಿಯ ಯಲ್ಲಾರಿಯನ್ನು ಕಟ್ಟಿಕೊಂಡು ಬಂದವಳು. ಗಂಡಹೆಂಡತಿ ಇಬ್ಬರೂ ಈಶ್ವರಪ್ಪಗೌಡರ ಹೊಲದಲ್ಲಿ ದುಡಿದರು. ಮಗಳು ಎಂಟನೇ ಇಯತ್ತೆ ಓದುವಾಗ ಯಲ್ಲಾರಿ ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟ. ಆಮೇಲೆ ಸತ್ತೆವ್ವ ಘಟಪ್ರಭಾದ ಒಂದು ಹಾಸ್ಟೆಲಿನಲ್ಲಿ ಅಡುಗೆಗೆ ನಿಂತಳು. ಇಪ್ಪತ್ತು ವರ್ಷ, ದಿನಾ ಬೆಳಿಗ್ಗೆ ನೂರಾ ಐವತ್ತು ರೊಟ್ಟಿ. ಬಲಗೈಯ ಮೂರು ಬೆರಳಿನ ತುದಿಗೆ ಇವತ್ತಿಗೂ ಬಿಸಿ ತಾಕುವುದಿಲ್ಲ.

ಮಗಳನ್ನು ಕೊಟ್ಟ ಮನೆಯವರು ಬುದ್ಧನ ದಾರಿ ಹಿಡಿದವರು. ಹಾಗಾಗಿ ಮೊಮ್ಮಗಳಿಗೆ ಸಂಘಮಿತ್ರಾ ಅಂತ ಹೆಸರಾಯಿತು. ಸತ್ತೆವ್ವನ ಬಾಯಲ್ಲಿ ಅದು 'ಸಂಗಿ' ಆಯಿತು. ಹಾಗೆ ಕರೆಯುವವಳು ಆಕೆ ಒಬ್ಬಳೇ. ಹುಡುಗಿ ಆಯಿಯ, ಅಂದರೆ ಈ ಅಜ್ಜಿಯ, ಹತ್ತಿರವೇ ಸಾಲಿ ಕಲಿತಳು, ಕಾಲೇಜಿಗೆ ಹೋದಳು, ಬೆಟ್ಟ ಹತ್ತುವ ತರಬೇತಿ ಮುಗಿಸಿದಳು. ಊರವರು ಮದುವೆ ಯಾವಾಗ ಅಂತ ಕೇಳುತ್ತಿದ್ದಾಗ ಆಕೆ ಬೆನ್ನಿಗೆ ಚೀಲ ಬಿಗಿದುಕೊಂಡು ಹೆಂಗಸರ ಗುಂಪು ಕಟ್ಟಿ ಹಿಮಾಲಯಕ್ಕೆ ಕರೆದೊಯ್ಯುವ ಕೆಲಸ ಹಿಡಿದಿದ್ದಳು.

ಆ ವರ್ಷದ ಗುಂಪಿನಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿಯ ಹತ್ತು ಹೆಂಗಸರು. ಎಲ್ಲರೂ ಐವತ್ತು ದಾಟಿದವರು. ಅವರಲ್ಲಿ ಈಶ್ವರಪ್ಪಗೌಡರ ಹೆಂಡತಿ ಶೋಭಾನೂ ಒಬ್ಬಳು. ಆಕೆಯೇ ಮೊದಲು ತಕರಾರು ತೆಗೆದದ್ದು.

"ಎಂಟು ದಿನ ಮೈದಾ ತಿಂದು ಗುಡ್ಡ ಹತ್ತು ಅಂದ್ರ ನನ್ನ ಹೊಟ್ಟಿ ಅಲ್ಲೇ ಧರಣಿ ಕೂಡ್ತೈತಿ. ನಿಮ್ಮ ಆಯಿನ್ನ ಕರಕೊಂಡ ನಡಿ."

"ಆಯಿಗಿ ಅರವತ್ಮೂರ್ರಿ ಅಕ್ಕಾರ."

"ನಮ್ಮ ಹೊಲದಾಗ ಆಕಿ ನಡದಷ್ಟು ಆ ಹಿಮಾಲಯನೂ ಎತ್ತರ ಇರಾಕಿಲ್ಲ ಬಿಡ."

ಹೀಗೆ ಸತ್ತೆವ್ವ ಹತ್ತು ಕಿಲೋ ಜೋಳದ ಹಿಟ್ಟು, ಶೇಂಗಾ ಚಟ್ನಿ, ಒಂದು ಹಂಚು ಕಟ್ಟಿಕೊಂಡು ಘಟಪ್ರಭಾ ಸ್ಟೇಶನ್ನಿನಲ್ಲಿ ರೈಲು ಹತ್ತಿದಳು.

ಬಿಡಾರ ಹಾಕಿದ ಜಾಗ ಹತ್ತು ಸಾವಿರ ಅಡಿ ಮೇಲೆ ಅಂತ ಹೇಳಿದರು. ಸುತ್ತ ದೇವದಾರು ಮರ, ಒಂದೊಂದು ಆರು ಮಂದಿ ಕೈ ಹಿಡಿದರೂ ತಬ್ಬಲಾಗದಷ್ಟು. ನಡುವೆ ಹುಲ್ಲಿನ ಬಯಲು, ಬಯಲಲ್ಲಿ ಏಳು ಗುಡಾರ. ಹಿಂದೆ ಸ್ವಲ್ಪ ಇಳಿದರೆ ಒಂದು ಝರಿ. ಹಕ್ಕಿ ಇತ್ತು, ಕೂಗುತ್ತಿರಲಿಲ್ಲ. ಗಾಳಿ ಇತ್ತು, ಎಲೆ ಅಲ್ಲಾಡುತ್ತಿರಲಿಲ್ಲ. ಬಂದ ದಿನ ಸತ್ತೆವ್ವ ಹಿಟ್ಟಿಗೆ ಎಸರಿಟ್ಟಳು. ನೀರು ಕೊತಕೊತ ಕುದಿಯಿತು. ಹಾಕಿ ಕಲಸಿದರೆ ಹಿಟ್ಟಿಗೆ ಜಿಗಿಯೇ ಬರಲಿಲ್ಲ, ರೊಟ್ಟಿ ಅಂಚಿನಿಂದ ನಡುತನಕ ಸೀಳಿತು. ಮತ್ತೆ ಕುದಿಸಿದಳು, ಮತ್ತೆ ಸೀಳಿತು.

"ಇಷ್ಟ ಎತ್ತರದಾಗ ನೀರು ಲಗೂನ ಕುದೀತಾವ ಆಯಿ, ಆದ್ರ ಅಷ್ಟ ಬಿಸಿ ಆಗಂಗಿಲ್ಲ," ಅಂದಳು ಸಂಗಿ.

ಸತ್ತೆವ್ವ ತಲೆಯಾಡಿಸಿದಳು, ಆದರೆ ಮನಸ್ಸು ಒಪ್ಪಲಿಲ್ಲ. ಕುದಿಯುವ ನೀರು ಸುಡದೆ ಇದ್ದರೆ, ಇಲ್ಲಿ ಕಾಣುವುದು ಯಾವುದೂ ಕಂಡ ಹಾಗೆ ಇರಲಿಕ್ಕಿಲ್ಲ ಅನ್ನಿಸಿತು.

ಆ ಕಡೆಯ ಗೈಡು ಲಖನ, ಮೂವತ್ತರ ಆಸುಪಾಸಿನ ಗಂಡಸು. ಮಾತು ಕಡಿಮೆ. ಬಂದ ದಿನವೇ ಎಲ್ಲರನ್ನೂ ನಿಲ್ಲಿಸಿ ಹಿಂದಿಯಲ್ಲಿ ಒಂದು ಕಟ್ಟಪ್ಪಣೆ ಮಾಡಿದ. ಸಂಗಿ ಅದನ್ನು ಕನ್ನಡದಲ್ಲಿ ಹೇಳಿದಳು: ಉಳಿದದ್ದು ಪಳಿದದ್ದು ಒಂದು ಅಗುಳೂ ಹೊರಗೆ ಚೆಲ್ಲಬಾರದು, ಕರಡಿ ಬರುತ್ತದೆ. ಸತ್ತೆವ್ವ ಒಂದು ಅಗುಳೂ ಚೆಲ್ಲಲಿಲ್ಲ. ಪಾತ್ರೆ ತೊಳೆದ ನೀರನ್ನೂ ಗುಂಡಿ ತೋಡಿ ಮುಚ್ಚಿದಳು.

ಮೂರನೇ ದಿನ ಸೀಗಿ ಹುಣ್ಣಿಮೆ.

ಆ ದಿನ ನಮ್ಮ ಕಡೆ ನಿಂತ ಪೈರಿಗೆ ಪೂಜೆ ಮಾಡಿ ಚರಗ ಚೆಲ್ಲುವುದು ಎಲ್ಲರಿಗೂ ಗೊತ್ತು. ಕಡಬು, ರೊಟ್ಟಿ, ಪಲ್ಯ, ಅನ್ನ ಎಲ್ಲ ಕಲಸಿ ಮನೆಯವರು ಉಣ್ಣುವ ಮೊದಲು ಹೊಲದ ನಾಲ್ಕೂ ಕಡೆ ಚೆಲ್ಲಬೇಕು. ಚೆಲ್ಲುವವರು ಮುಂದೆ, ತಂಬಿಗೆ ಹಿಡಿದು ನೀರು ಹನಿಸುವವರು ಹಿಂದೆ. ಮುಂದಿನವರು 'ಹುಲ್ಲುಲ್ಲಿಗೋ' ಅನ್ನಬೇಕು, ಹಿಂದಿನವರು 'ಚಲ್ಲಾಂಬ್ರಿಗೋ' ಅಂತ ಓಗೊಡಬೇಕು. ಸುತ್ತು ಮುಗಿಯುವ ತನಕ ಮುಂದಿನವರು ತಿರುಗಿ ನೋಡುವಂತಿಲ್ಲ. ಗೌಡರ ಹೊಲದಲ್ಲಿ ಚೆಲ್ಲುವವರು ಗೌಡರು, ನೀರು ಹಿಡಿಯುವವ ಯಲ್ಲಾರಿ. ಅವನ ದನಿ ಗಡಸು, ಕೊಡದೊಳಗಿಂದ ಬಂದ ಹಾಗೆ. ಸತ್ತೆವ್ವ ಬದುವಿನ ಮೇಲೆ ನಿಂತು ನೋಡುವವಳು. ಹೊಲ ತಮ್ಮದಲ್ಲವಾದ್ದರಿಂದ ಆಕೆ ಒಮ್ಮೆಯೂ ಚರಗ ಚೆಲ್ಲಿದವಳಲ್ಲ.

ಆ ಮಧ್ಯಾಹ್ನ ಗೋದಿ ಹಿಟ್ಟಿನ ಕಡಬು ಮಾಡುತ್ತ ಕೂತವಳಿಗೆ ಒಂದು ಯೋಚನೆ ಬಂತು. ಈ ನೆಲ ಯಾರದೂ ಅಲ್ಲ, ಬೇಡ ಅನ್ನುವವರಿಲ್ಲ. ಗೈಡು ಬೇಡ ಅಂದದ್ದು ಉಳಿದದ್ದನ್ನು. ಚರಗ ಉಳಿದದ್ದಲ್ಲ, ಮೀಸಲು. ಯಾರೂ ಬಾಯಿಗೆ ಹಾಕುವ ಮೊದಲು ತೆಗೆದಿಟ್ಟದ್ದು. ಹೆಂಗಸರು ಗುಡಾರದಲ್ಲಿ ಅಡ್ಡಾಗಿದ್ದರು. ಸಂಗಿ ನಾಲ್ಕು ಬಾಟ್ಲಿ ಹಿಡಿದು ಝರಿಗೆ ಹೋಗಿದ್ದಳು. ಯಾರನ್ನು ಎಬ್ಬಿಸುವುದು ಅಂತ ಸತ್ತೆವ್ವ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಒಬ್ಬಳೇ ಹೊರಟಳು.

ಬಯಲಿನ ಅಂಚು ಮುಟ್ಟುವಷ್ಟರಲ್ಲಿ ಮಂಜು ಇಳಿಯಿತು. ಹಾಲು ಉಕ್ಕಿ ಬಂದ ಹಾಗೆ ಮರದ ಬುಡದಿಂದ ಬಂತು. ಸತ್ತೆವ್ವ ಒಂದು ಹಿಡಿ ಚೆಲ್ಲಿ 'ಹುಲ್ಲುಲ್ಲಿಗೋ' ಅಂದಳು. ಸ್ವಂತ ದನಿ ತನಗೇ ಚೆಂದ ಕೇಳಿತು. ಒಂದು ಬದಿ ಆಯಿತು, ಎರಡನೇ ಬದಿ ತಿರುಗಿದಳು. ಕೈ ಚೆಲ್ಲುತ್ತಿತ್ತು, ಬಾಯಿ ಕೂಗುತ್ತಿತ್ತು, ಹಿಂದಿನಿಂದ ಓಗೊಡುವುದು ಸರಿಯಾಗಿ ಬರುತ್ತಿತ್ತು, ಹಿಮ್ಮಡಕ್ಕೆ ನೀರಿನ ಹನಿ ತಣ್ಣಗೆ ಬೀಳುತ್ತಿತ್ತು. ಬದುವಿನ ಮೇಲಿಂದ ಯಾವಾಗಲೂ ನೋಡಿದ ಹಾಗೆಯೇ. ಮೂರನೇ ಬದಿಯ ನಡುವೆ ಬಂದಾಗ ಆಕೆಗೆ ನೆನಪಾಯಿತು, ತಾನು ಬಂದದ್ದು ಒಬ್ಬಳೇ ಅಂತ.

ಕಾಲು ನಿಂತಿತು. ಹಿಂದಿನ ಹೆಜ್ಜೆಯೂ ನಿಂತಿತು.

ಕಡಬು ಹಿಡಿದ ಕೈ ಹಾಗೇ ಉಳಿಯಿತು. ಕಿವಿಯಲ್ಲಿ ಇನ್ನೂ ಇದ್ದ ಆ ಗಡಸು ದನಿ ಯಾರದು ಅಂತ ಬೇರೆಯವರು ಹೇಳಬೇಕಾಗಿರಲಿಲ್ಲ. ತಿರುಗಿ ನೋಡಲಿಲ್ಲ. ನೋಡುವ ಆಸೆ ಆಗಲಿಲ್ಲ ಅಂತಲ್ಲ. ಮಂಜಿನೊಳಗೆ ಹಳದಿಯಾಗಿ ಕಾಣುತ್ತಿದ್ದ ಅಡುಗೆ ಗುಡಾರದ ಕಡೆ ಮುಖ ಮಾಡಿ ನಡೆದಳು, ಓಡಲಿಲ್ಲ. ಒಳಗೆ ಬಂದು ಕೂತು ಹಿಮ್ಮಡ ಮುಟ್ಟಿ ನೋಡಿಕೊಂಡರೆ ಒದ್ದೆ.

"ಯಾಕ ಸತ್ತೆವ್ವಾ, ಬೆಳ್ಳಗ ಆಗಿದಿ?" ಶೋಭಾ ಹೊದಿಕೆ ಹೊದ್ದುಕೊಂಡೇ ಬಂದಳು. "ಕಡಬು ನೀ ಒಬ್ಬಾಕೀನ ತಿಂದೇನು?"

"ಸಂಗಿ ಬಂದ್ಳೇನ್ರಿ?"

ಸಂಗಿ ಬಂದಿರಲಿಲ್ಲ. ಲಖನ ಝರಿಗೆ ಇಳಿದು ಹೋದ. ತಿರುಗಿ ಬರುವಾಗ ಅವನ ಕೈಯಲ್ಲಿ ನಾಲ್ಕೂ ಬಾಟ್ಲಿ ಇದ್ದವು, ತುಂಬಿದ್ದವು, ಬಾಯಿ ಬಿಗಿದಿದ್ದವು. ಕಲ್ಲಿನ ಮೇಲೆ ಸಾಲಾಗಿ ಇಟ್ಟಿದ್ದುವಂತೆ. ಹುಡುಗಿ ಇಲ್ಲ. ಆಕೆಯ ಕೊರಳಲ್ಲಿ ಸೀಟಿ ಇತ್ತು, ಅದೂ ಕೇಳಿರಲಿಲ್ಲ. ಬರುವ ದಾರಿಯಲ್ಲಿ ಅವನು ಹುಲ್ಲಿನ ಮೇಲೆ ಬಿದ್ದ ಕಡಬನ್ನೂ ನೋಡಿದ್ದ. ಸತ್ತೆವ್ವನ ಮುಖ ನೋಡಿ ಏನೋ ಅಂದ.

ಶೋಭಾ ಟೀವಿ ನೋಡಿ ಹಿಂದಿ ಕಲಿತವಳು. ಮೆತ್ತಗೆ ಹೇಳಿದಳು, "ಚೆಲ್ಲಿದ್ದೆಲ್ಲಾ ಆರಸಬೇಕಂತ. ಕರಡಿ ವಾಸ್ನಿ ಹಿಡದಿರಬೇಕಂತ. ಹುಡುಗಿ ಎಲ್ಲೋ ಹೆದರಿ ನಿಂತಿರಬೇಕಂತ. ಇನ್ನ ಎರಡು ತಾಸಿಗೆ ಹೊತ್ತು ಮುಳಗತೈತಿ, ಆಮ್ಯಾಲ ಈ ಥಂಡ್ಯಾಗ…"

ಎಲ್ಲರೂ ಬಗ್ಗಿ ಬಗ್ಗಿ ಚರಗ ಆರಿಸಿ, ಬುಟ್ಟಿಯಲ್ಲಿ ಉಳಿದದ್ದನ್ನೂ ಸೇರಿಸಿ ಡಬ್ಬಿಗೆ ಹಾಕಿ ಬಿಗಿದರು. ಲಖನ ಬಾಯಿಗೆ ಕೈ ಇಟ್ಟು 'ಸಂಘಮಿತ್ರಾ' ಅಂತ ಕೂಗಿದ. ಮಂಜು ಆ ಕೂಗನ್ನು ನುಂಗಿತು. ಮತ್ತೆ ಕೂಗಿದ. ಆಗ ಝರಿಯ ಆಚೆ, ಮರಗಳ ಒಳಗೆ, ಇನ್ನೊಬ್ಬರು ಕರೆದರು. ಅವಸರವಿಲ್ಲದೆ, ಪ್ರೀತಿಯಿಂದ.

"ಸಂಗಿ."

ಮೂಡಲಗಿಯ ಅಕ್ಕವ್ವ ಟೀಚರು, ನಿಮ್ಮ ಕೂಗೇ ತಿರುಗಿ ಬಂತು ಅಂದರು. ಆದರೆ ಲಖನನ ಬಾಯಲ್ಲಿ ಆ ಹೆಸರು ಎಂದೂ ಬಂದಿರಲಿಲ್ಲ.

"ಯಾರೂ ಕೂಗಬ್ಯಾಡ್ರಿ," ಅಂದಳು ಸತ್ತೆವ್ವ. ಎದ್ದು ಶೋಭಾನ ಕೈಗೆ ತಂಬಿಗೆ ಕೊಟ್ಟಳು. "ಅಕ್ಕಾರ, ನನ್ನ ಹಿಂದ ಬರ್ರಿ. ನಾ ಹಿಂದ ಯಾರನ್ನೂ ಕರಕೊಳ್ಳದ ಚರಗ ಹೊಂಟೆ. ಆ ಜಾಗ ಖಾಲಿ ಇತ್ತು."

ಶೋಭಾ ತಂಬಿಗೆ ನೋಡಿದಳು, ಸತ್ತೆವ್ವನನ್ನು ನೋಡಿದಳು. "ಇದು ಗಂಡಸರ ಕೆಲಸಲಾ. ಮತ್ತ ನೀ ಮುಂದ, ನಾ ಹಿಂದ?"

"ಹೂಂ ರಿ."

"ನಮ್ಮ ಮನ್ಯಾಗ ಗೊತ್ತಾದ್ರ ನಗತಾರ."

"ನಕ್ಕರ ನಗಲ್ರಿ. ನನ್ನ ಕೂಸು ಅಲ್ಲಿ ಐತ್ರಿ."

ಶೋಭಾ ಹೊದಿಕೆ ತೆಗೆದು ಅಕ್ಕವ್ವನ ಕೈಗಿತ್ತಳು, ಸೆರಗು ಸೊಂಟಕ್ಕೆ ಸಿಗಿಸಿದಳು. "ನನ್ನ ದನಿಗೆ ಎಮ್ಮಿ ಸುದ್ದಾ ಹಗ್ಗ ಹರಕೊಂಡ ಓಡತೈತಿ. ಆಮ್ಯಾಲ ನನಗ ಬೈಬ್ಯಾಡ."

ಬುಟ್ಟಿಯಲ್ಲಿ ಏನೂ ಇರಲಿಲ್ಲ. ಬರಿಗೈಯಿಂದಲೇ ಸತ್ತೆವ್ವ ಚೆಲ್ಲುತ್ತ ಹೊರಟಳು, ಈ ಸಲ ಬಯಲಿನ ಅಂಚಿಗೆ ಹೋಗದೆ ಗುಡಾರಗಳಿಗೆ ಹತ್ತಿಕೊಂಡು. 'ಹುಲ್ಲುಲ್ಲಿಗೋ' ಅಂದಳು. ಶೋಭಾ ತಂಬಿಗೆ ಬಾಗಿಸಿ ನೀರು ಹನಿಸುವುದರಲ್ಲೇ ತಡ ಮಾಡಿದಳು. ಆ ಸಂದಿನಲ್ಲಿ ಮಂಜಿನ ಒಳಗಿನಿಂದ ಗಡಸು ದನಿ ಶುರುವಾಯಿತು, "ಚಲ್ಲಾಂ…"

"ಚಲ್ಲಾಂಬ್ರಿಗೋ," ಅಂತ ಶೋಭಾ ಅದರ ಮೇಲೆ ಕಿರುಚಿದಳು. ಕಿವಿಗಡಚಿಕ್ಕುವ ಹಾಗೆ.

ಆ ದನಿ ನಡುವೆಯೇ ನಿಂತಿತು.

ಮೊದಲ ಸುತ್ತು ಮುಗಿಯಿತು. ಎರಡನೇ ಸುತ್ತಿನಲ್ಲಿ ಒಂದೇ ಒಂದು ಸಲ, ಬಹಳ ದೂರದಿಂದ, ಅದು ಮತ್ತೆ ಕೇಳಿತು. ಈ ಸಲ ಮೊದಲಿನ ಹಾಗೆ ಇರಲಿಲ್ಲ. ಹಬ್ಬದ ದಿನ ಮನೆಯ ಹೊರಗೆ ನಿಂತು ಒಳಗೆ ಬರಲೇ ಅಂತ ಕೇಳಿದವರ ಹಾಗೆ ಇತ್ತು. ಸತ್ತೆವ್ವನ ಕಣ್ಣು ತುಂಬಿದವು, ಕಾಲು ನಿಲ್ಲಿಸಲಿಲ್ಲ. ಹಿಂದೆ ಶೋಭಾ ಓಗೊಡುತ್ತಿದ್ದಳು, ತಂಬಿಗೆಯ ನೀರು ಹನಿಸುವುದಕ್ಕಿಂತ ಹೆಚ್ಚು ಸುರಿಯುತ್ತಿದ್ದಳು. ಮೂರನೇ ಸುತ್ತಿಗೆ ಝರಿಯ ಕಡೆ ಹುಲ್ಲು ಸರಿದ ಸಪ್ಪಳವಾಯಿತು. ಲಖನ ಕೋಲು ಎತ್ತಿದ.

ಬಂದವಳು ಸಂಗಿ. ಮೊಣಕಾಲ ತನಕ ಒದ್ದೆ, ಮರ ಹಿಡಿಹಿಡಿದು ಬಂದ ಕೈಯಲ್ಲಿ ದೇವದಾರಿನ ತೊಗಟೆ. ಗುಡಾರದೊಳಗೆ ಬಿಸಿ ಚಹಾ ಕುಡಿದ ಮೇಲೆ ಬಾಯಿ ಬಿಟ್ಟಳು. ಬಾಟ್ಲಿ ತುಂಬಿಟ್ಟಾಗ ಚರಗದ ಕೂಗು ಕೇಳಿತಂತೆ, ಅದಕ್ಕೆ ಗಡಸು ದನಿಯೊಂದು ಓಗೊಟ್ಟದ್ದೂ ಕೇಳಿತಂತೆ. ಆಯಿ ಯಾರನ್ನೋ ಜೋಡು ಮಾಡಿಕೊಂಡಿದ್ದಾಳೆ ಅಂತ ಆ ದನಿಯ ಹಿಂದೆ ಹೋದಳಂತೆ. ಅದು ಯಾವಾಗಲೂ ನಾಲ್ಕು ಮರ ಮುಂದೆ ಇರುತ್ತಿತ್ತು. ಒಮ್ಮೆ ಕರಿ ಕಂಬಳಿ ಹೊದ್ದವರು ಬೆನ್ನು ಮಾಡಿ ಕೂತ ಹಾಗೆ ಕಂಡಿತು.

"ಭಾಲೂ," ಅಂದ ಲಖನ, ಕರಡಿ ಅಂತ.

"ಇರಬೋದು," ಅಂದಳು ಸಂಗಿ. "ಸೀಟಿ ಊದಬೇಕಂತ ನೆನಪ ಆಗಲಿಲ್ಲ. ಹೆದರಿಕಿನೂ ಆಗಲಿಲ್ಲ ನೋಡ್ರಿ, ಅದ ವಿಚಿತ್ರ. ಆಮ್ಯಾಲ ಶೋಭಾ ಅಕ್ಕಾರು ಒದರಿದ್ದು ಕೇಳಿಸ್ತು. ನಗು ಬಂತು. ನಗು ಬಂದ ಮ್ಯಾಲ ದಾರಿ ಕಾಣಿಸ್ತು."

ಮರುದಿನವೇ ಗುಂಪು ಇಳಿಯಿತು.

ಊರಿಗೆ ಬಂದು ಎರಡು ತಿಂಗಳಾಗಿತ್ತು. ಸಂಗಿ ಮೊದಲಿನ ಹಾಗೆಯೇ ಇದ್ದಳು, ಆದರೆ ಮಾತಿನ ನಡುವೆ ನಿಂತು ಕಿವಿ ಕೊಡುವುದು ಕಲಿತಿದ್ದಳು. ಒಬ್ಬಳೇ ಆ ಕಾಡಿಗೆ ಹೋಗಿ ಬರುತ್ತೇನೆ ಅಂತ ಎರಡು ಸಲ ಅಂದಳು. ಒಂದು ಸಂಜೆ ಕಟ್ಟೆಯ ಮೇಲೆ ಕೂತು ಸತ್ತ ಅಜ್ಜನ ಮಾತು ತೆಗೆದಳು.

"ಆಯಿ, ಮುತ್ಯಾನ ದನಿ ಹೆಂಗಿತ್ತು? ನಾ ಕೇಳೇ ಇಲ್ಲಲಾ. ಗಡಸು ಇತ್ತೇನು?"

ಸತ್ತೆವ್ವ ಅಕ್ಕಿ ಆರಿಸುತ್ತಿದ್ದಳು. ಹೌದು ಅಂದರೆ ಹುಡುಗಿ ನಾಳೆಯೇ ಚೀಲ ಬಿಗಿಯುತ್ತಾಳೆ ಅನ್ನುವುದು ಆ ಮುಖದಲ್ಲೇ ಇತ್ತು. ಮೊರದ ಮೇಲಿನ ಕೈ ನಿಲ್ಲಲಿಲ್ಲ.

"ಗಡಸು ಎಲ್ಲೀದು. ಸಣ್ಣ ದನಿ ಅವಂದು, ಹೆಂಗಸರಂಥಾದ್ದು. ಕರದ್ರ ಬಾಜೂ ಮನಿಗೂ ಕೇಳತಿರಲಿಲ್ಲ."

"ಖರೇನ?"

"ನಾ ಬಾಳ್ವೆ ಮಾಡೇನಿ, ನೀ ಮಾಡಿಯೇನು?"

"ಹಂಗಾರ ಅಂವ ಅಲ್ಲ ಬಿಡು," ಅಂದಳು ಸಂಗಿ. ಮೊಬೈಲ್ ತೆಗೆದು ನೋಡುತ್ತ ಒಳಗೆ ಹೋದಳು.

ಸತ್ತೆವ್ವ ಮೊರ ಕೆಳಗಿಟ್ಟಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಒಳಗೆ ಕೇಳದಷ್ಟು ಮೆಲ್ಲಗೆ, ಗಂಡನಿಗೆ ತಪ್ಪಾತು ಅಂದಳು.