ಹತ್ತು ನಿಮಿಷದ ಅರ್ಜಿ

ದಂಡಿನಶಿವರದ ಕಡೆಯ ಯಜಮಾನರೊಬ್ಬರು ನಮ್ಮ ಬಸ್ ಡಿಪೋಗೆ ಅರ್ಜಿ ತಂದಿದ್ದರು. ಬೆಳಗಿನ ಬಸ್ಸು ಅವರ ಊರಿನಿಂದ ಹತ್ತು ನಿಮಿಷ ಮೊದಲೇ ಹೊರಟರೆ ಕೊಬ್ಬರಿ ಹರಾಜಿನ ಹೊತ್ತಿಗೆ ತಿಪಟೂರು ಸೇರಬಹುದು, ಕೇಳಿದ್ದು ಇಷ್ಟೇ. ವೇಳೆ ಬದಲಿಸುವ ಅಧಿಕಾರ ಡಿಪೋಗಿಲ್ಲ. ಗುಮಾಸ್ತನಾದ ನಾನು ‘ಸೂಕ್ತ ಕ್ರಮಕ್ಕಾಗಿ’ ಎಂದು ಬರೆದು ವಿಭಾಗ ಕಚೇರಿಗೆ ಕಳಿಸಿದೆ. ಅವರು ಕೇಂದ್ರ ಕಚೇರಿಗೆ ಕಳಿಸಿದರು, ಕೇಂದ್ರದವರು ಮತ್ತೆ ವಿಭಾಗಕ್ಕೆ. ಒಬ್ಬರೂ ಆಗುವುದಿಲ್ಲ ಎನ್ನಲಿಲ್ಲ, ನನಗೆ ಸಿಟ್ಟು ಬಂದದ್ದು ಅದಕ್ಕೇ. ಎಂಟು ತಿಂಗಳಾದ ಮೇಲೆ ‘ಡಿಪೋ ಹಂತದಲ್ಲೇ ಪರಿಶೀಲಿಸಿ’ ಎಂಬ ಷರಾ ಹೊತ್ತು ಅರ್ಜಿ ನನ್ನ ಮೇಜಿಗೇ ಬಂತು.

ಅದೇ ವಾರ ಯಜಮಾನರೂ ಬಂದರು. ಅರ್ಜಿ ಸುತ್ತಿ ನನ್ನ ಮೇಜಿಗೇ ವಾಪಸು ಬಂದಿದೆ ಎಂದೆ.

“ಅದ್ನ ಬುಡಿ ಸ್ವಾಮಿ. ಡ್ರೈವರಪ್ಪನ್ನೇ ಕೇಳ್ಕಂಡ್ವಿ. ನಾವೆಲ್ಲ ಬೇಗ ಬಂದು ನಿಂತ್ಕತೀವಿ, ಅವ್ರು ಹತ್ ನಿಮಿಷ ಮುಂಚೆ ಬಸ್ ಎತ್ತಾರೆ. ನಾಕು ತಿಂಗ್ಳಾತು, ಚೆನ್ನಾಗ್ ನಡೀತೈತೆ.”

ನಾನು ತಲೆಯಾಡಿಸಿದೆ. ಚೆಕಿಂಗ್‌ನವರ ವರದಿ ಬಂದಿತ್ತು. ‘ನಿಗದಿತ ವೇಳೆಗಿಂತ ಮುಂಚೆ ಹೊರಟಿದ್ದೇಕೆ’ ಎಂದು ಅದೇ ಡ್ರೈವರಿಗೆ ಕೊಡಬೇಕಾದ ಮೆಮೊವನ್ನು ಬೆಳಿಗ್ಗೆಯಷ್ಟೇ ನಾನೇ ಟೈಪು ಮಾಡಿ, ಯಜಮಾನರ ಅರ್ಜಿಯ ಕೆಳಗೆ ಇಟ್ಟಿದ್ದೆ.

ಮೆಮೊ ಕೊಡುವ ಅಧಿಕಾರ ಡಿಪೋಗೆ ಇದೆ.