ಹಳೇ ಹಾಡು ಹದಿನೇಳು

"ಅಕ್ಕಾ, ಪ್ರಶ್ನೆಪತ್ರಿಕೆ ಟೈಪ್ ಮಾಡೋದು ಅಂದ್ರೆ ಅಳೋ ಮಗೂನ ಮಲಗಿಸಿದ ಹಾಗೆ. ಚೂರೂ ಸದ್ದಾಗಬಾರದು. ಮೊದಲು ಬಾಗಿಲಿಗೆ ಚಿಲಕ ಹಾಕ್ತೀನಿ, ಆಮೇಲೆ ಪರದೆ ಎಳೀತೀನಿ. ಮೇಷ್ಟ್ರು ಬರೆದುಕೊಟ್ಟ ಹಾಳೇನ ಮೇಜಿನ ಮೇಲೆ ಇಡಲ್ಲ, ತೊಡೆ ಮೇಲೆ ಇಟ್ಕೊಂಡೇ ಟೈಪ್ ಮಾಡ್ತೀನಿ. ತಪ್ಪಾದ ಪ್ರತಿ ಎಲ್ಲಾ ಸುಟ್ಟು ಬೂದಿ. ಒಂದು ಸಲ ನಮ್ಮತ್ತೆ ಹುಷಾರಿಲ್ಲದೆ ಮಲಗಿದ್ದೋರು ನೀರು ಕೇಳಿದ್ರು; ಹಾಳೇನ ಸೊಂಟಕ್ಕೆ ಸಿಕ್ಕಿಸ್ಕೊಂಡೇ ಹೋಗಿ ಕುಡಿಸಿ ಬಂದೆ. ಮೂವತ್ತೊಂದು ವರ್ಷ ಅಕ್ಕ. ಟೈಪ್ ಮೆಷಿನ್ ಹೋಗಿ ಕಂಪ್ಯೂಟರ್ ಬಂತು, ಮೂರು ಜನ ಹೆಡ್‌ಮಿಸ್ ಬದಲಾದ್ರು, ಒಂದೇ ಒಂದು ಪ್ರಶ್ನೆ ನನ್ನ ಕೋಣೆ ಬಿಟ್ಟು ಆಚೆ ಹೋಗಿಲ್ಲ. ಕಂಪ್ಯೂಟರಲ್ಲಿ ಎಲ್ಲಿ ಬಚ್ಚಿಡೋದು ಅಂತ ಬಂದಾಗ ನಾನೇ ಉಪಾಯ ಮಾಡ್ದೆ. 'ಪ್ರಶ್ನೆಪತ್ರಿಕೆ' ಅಂತ ಹೆಸರು ಹಾಕಿದ್ರೆ ಕಳ್ಳ ನೆಟ್ಟಗೆ ಅಲ್ಲಿಗೇ ಬರ್ತಾನೆ. ಅದಕ್ಕೇ ನಮ್ಮೆಜಮಾನರ ಹಾಡಿನ ಫೋಲ್ಡರೊಳಗೆ ತುರುಕಿ, 'ಹಳೇ ಹಾಡು' ಅಂತ ಹೆಸರು ಹಾಕಿ ನಂಬರ್ ಕೊಟ್ಟೆ. ಸಾವಿರ ಹಾಡಿನ ಮಧ್ಯೆ ಯಾರು ಹುಡುಕ್ತಾರೆ ಹೇಳಿ?"

ಮಹಡಿ ಮನೆಯ ಟೈಪಿಸ್ಟಮ್ಮ ಹೀಗೆ ಹೇಳಿದ್ದು ಪರೀಕ್ಷೆಗೆ ಹತ್ತು ದಿನ ಇರುವಾಗ. ಮೆಟ್ಟಿಲ ಮೇಲೆ ಕೂತು ಸೊಂಟ ನೀವಿಕೊಳ್ಳುತ್ತಿದ್ದಳು. ನಾನು ಕೆಳಗಿನ ಮನೆಯವಳು. ಅವಳ ಟೈಪಿಂಗಿನ ಟಕಟಕ ನನ್ನ ತಲೆಯ ಮೇಲೆಯೇ ಇಷ್ಟು ವರ್ಷ ನಡೆದಿದೆ. ಬೀದಿಯ ಕೊನೆಯ ಶಾಲೆಗೆ ಅವಳು ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತಾಳೆಂಬುದು ಎಲ್ಲರಿಗೂ ಗೊತ್ತಿತ್ತು. ಅದರಲ್ಲಿ ಏನಿರುತ್ತದೆಂದು ಅವಳನ್ನು ಕೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಅವಳ ಯಜಮಾನರು ಬಸ್ ಓಡಿಸುತ್ತಿದ್ದವರು. ಮಂಡಿಯ ಆಪರೇಷನ್ ಆದಮೇಲೆ ಮನೆಯಲ್ಲೇ ಇದ್ದರು. ಇಬ್ಬರಿಗೂ ಒಂದೇ ಕಂಪ್ಯೂಟರ್: ಹಗಲು ಅವಳದು, ಸಂಜೆ ಅವರದು. ಸಂಜೆಯಾದರೆ ಹಳೆಯ ಹಾಡು ಹಾಕಿಕೊಂಡು, ಇಲ್ಲದ ಸ್ಟೇರಿಂಗನ್ನು ಎರಡು ಕೈಯಲ್ಲಿ ಹಿಡಿದವರಂತೆ ಕೂತಿರುತ್ತಿದ್ದರು.

ಶುಕ್ರವಾರ ಲೆಕ್ಕದ ಪರೀಕ್ಷೆ ಆಗಬೇಕಿತ್ತು. ಬುಧವಾರವೇ ಪ್ರಶ್ನೆಪತ್ರಿಕೆ ಊರಿನವರ ಫೋನುಗಳಲ್ಲಿ ಹರಿದಾಡಿತು. ಗುರುವಾರ ಹೆಡ್‌ಮಿಸ್ ಪರೀಕ್ಷೆ ಮುಂದೂಡಿ, ಲೆಕ್ಕದ ಮೇಷ್ಟ್ರಿಗೆ ಮನೆಯಲ್ಲೇ ಇರಿ ಎಂದರು. ಪತ್ರಿಕೆ ಬರೆದದ್ದು ಅವರು, ಟೈಪ್ ಮಾಡಿದ್ದು ಇವಳು, ಬೀರುವಿನಲ್ಲಿಟ್ಟು ಬೀಗ ಹಾಕಿದ್ದು ಹೆಡ್‌ಮಿಸ್. ಮೂವರಲ್ಲಿ ಸಂಜೆ ಮನೆಪಾಠ ಹೇಳುತ್ತಿದ್ದವರು ಮೇಷ್ಟ್ರೊಬ್ಬರೇ. ಊರಿಗೆ ಅಷ್ಟು ಸಾಕಾಯಿತು. ಸೋಮವಾರ ವಿಚಾರಣೆ. ಅಲ್ಲಿ ತಪ್ಪು ಅವರದೆಂದಾದರೆ ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಮನುಷ್ಯ ಕೆಲಸವನ್ನೂ ಕಳೆದುಕೊಳ್ಳುತ್ತಾರೆ, ಮಾನವನ್ನೂ. ಟೈಪಿಸ್ಟಮ್ಮನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಅವಳೇ ನನ್ನ ಹತ್ತಿರ, ಮನೆಪಾಠದ ಮಕ್ಕಳ ಮೇಲಿನ ಮುಲಾಜು ಮೇಷ್ಟ್ರನ್ನು ಕೆಡಿಸಿತು ಎಂದು ಮರುಗಿದಳು.

ಶುಕ್ರವಾರ ಪಾತ್ರೆ ಹಿಂದಿರುಗಿಸಲು ಕೆಳಗೆ ಬಂದಳು. ನನ್ನ ಸೊಸೆ ತನ್ನ ಫೋನ್ ತೆಗೆದು, "ಇದೇ ನೋಡಿ ಆಂಟಿ, ಎಲ್ಲರಿಗೂ ಬಂದಿರೋದು" ಎಂದು ತೋರಿಸಿದಳು. ಪತ್ರಿಕೆಯ ನೆತ್ತಿಯ ಮೇಲೆ ಫೈಲಿನ ಹೆಸರಿತ್ತು: ಹಳೇ ಹಾಡು ೧೭. ಆ ಹೆಸರಿನ ಗುಟ್ಟು ಅವಳ ಬಾಯಿಂದ ಕೇಳಿದ್ದವಳು ನಾನೊಬ್ಬಳೇ. ಅವಳು ಪಾತ್ರೆಯನ್ನು ನೆಲದ ಮೇಲಿಟ್ಟು, ಚಪ್ಪಲಿಯನ್ನೂ ಮರೆತು ಮೆಟ್ಟಿಲು ಹತ್ತಿದಳು. ಚಪ್ಪಲಿ ಹಿಡಿದುಕೊಂಡು ನಾನೂ ಹಿಂದೆಯೇ ಹೋದೆ.

ಫೈಲು ಹಾಡುಗಳ ಮಧ್ಯೆ ಇಟ್ಟಲ್ಲೇ ಇತ್ತು. ಅದು ಆಚೆ ಹೋದದ್ದು ಹೇಗೆಂದು ತಿಳಿಯದೆ, ಮರುದಿನ ಬೆಳಿಗ್ಗೆ ನನ್ನೆದುರೇ ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದಳು. ಅವನು ಸ್ವಲ್ಪ ಹೊತ್ತು ಅದೂ ಇದೂ ಒತ್ತಿ ನೋಡಿ, ಯಜಮಾನರ ಕಡೆ ತಿರುಗಿದ.

"ಈ ಪ್ರೋಗ್ರಾಂ ಯಾವಾಗ ಹಾಕ್ಕೊಂಡ್ರಿ ಸಾರ್?"

"ಮೂರು ತಿಂಗಳಾಯ್ತು. ಡಿಪೋದಲ್ಲಿದ್ದ ಗೆಳೆಯ ಹೇಳ್ದ, ಬಿಟ್ಟಿ ಹಾಡು ಸಿಗುತ್ತೆ ಅಂತ."

"ಇದು ಬೇರೆಯವರ ಮನೆಯಿಂದ ತಂದು ನಿಮಗೆ ಕೊಡುತ್ತೆ ಸಾರ್. ಹಾಗೇ ನಿಮ್ಮನೆಯಿಂದ ತಗೊಂಡು ಬೇರೆಯವರಿಗೂ ಕೊಡುತ್ತೆ. ಹಾಡಿನ ಫೋಲ್ಡರ್ ಪೂರ್ತಿ ಲೋಕಕ್ಕೆ ತೆರೆದಿಟ್ಟಿದ್ದೀರಿ."

"ನಾನೇನೂ ತೆರೀಲಿಲ್ಲಪ್ಪ. ಅದೇನೋ ಕೇಳ್ತು, ಹೂಂ ಅಂತ ಒತ್ತಿದೆ. ನಾಲ್ಕು ಸಲ ಕೇಳ್ತು, ನಾಲ್ಕು ಸಲಾನೂ ಒತ್ತಿದೆ."

ಊರಲ್ಲಿ ಯಾರೋ ಹಳೇ ಹಾಡು ಎಂದು ಹುಡುಕಿರುತ್ತಾರೆ, ಹದಿನೇಳನೆಯದನ್ನು ತೆರೆದರೆ ರಾಗದ ಬದಲು ಲೆಕ್ಕ ಬಂದಿರುತ್ತದೆ, ಮೇಲೆ ನಮ್ಮ ಶಾಲೆಯ ಹೆಸರು ನೋಡಿ ಹಂಚಿರುತ್ತಾರೆ ಎಂದ ರಿಪೇರಿಯವ. ಹೇಳುವಾಗ ಅವನಿಗೇ ನಗು ಬಂತು, ನುಂಗಿಕೊಂಡ. ಅದೇ ಫೋಲ್ಡರಿನಲ್ಲಿ ಅವಳ ಬ್ಯಾಂಕ್ ಪಾಸ್‌ಬುಕ್ಕಿನ ಚಿತ್ರವೂ ಯಜಮಾನರ ಮಂಡಿಯ ಎಕ್ಸ್‌ರೇಯೂ ಇದ್ದವು. ಬ್ಯಾಂಕಿಗೆ ಇವತ್ತೇ ತಿಳಿಸಿ, ಪಾಸ್‌ವರ್ಡ್ ಎಲ್ಲಾ ಬದಲಿಸಿ ಎಂದು ಹೇಳಿದ.

"ಹೋಗಿರೋದನ್ನ ವಾಪಸ್ ತರಿಸೋಕೆ ಆಗುತ್ತಾ?" ಎಂದು ಅವಳು ಕೇಳಿದಳು.

"ಆಗಲ್ಲಮ್ಮ. ಇಲ್ಲಿಂದ ನಾನು ಅಳಿಸಬಹುದು. ಇನ್ನೊಬ್ಬರ ಹತ್ರ ಹೋಗಿದ್ದು ಅವರ ಹತ್ರಾನೇ ಇರುತ್ತೆ."

ಅವನು ಹೋದಮೇಲೆ ಯಜಮಾನರು ಮಂಡಿ ಸವರಿಕೊಳ್ಳುತ್ತಾ, "ಯಜಮಾನರು ಮಾಡಿದ್ದು ಅಂತ ಹೇಳಿಬಿಡು" ಎಂದರು. ಬೈಯುವ ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ. "ನೀವು ಹಾಡು ಇಟ್ರಿ. ಅದರ ಮಧ್ಯೆ ಪ್ರಶ್ನೆ ಇಟ್ಟಿದ್ದು ನಾನು" ಎಂದಳಷ್ಟೇ.

ನಾನು ಒಂದು ಮಾತು ಆಡಿದೆ, ಆಡಬಾರದಿತ್ತು. "ನಿನ್ನನ್ನ ಯಾರೂ ಕೇಳಿಲ್ವಲ್ಲೇ" ಎಂದೆ.

"ಮೇಷ್ಟ್ರನ್ನ ಕೇಳ್ತಿದ್ದಾರಲ್ಲ ಅಕ್ಕ."

ಸೋಮವಾರ ಶಾಲೆಯಲ್ಲಿ ಏನಾಯಿತೆಂದು ಆಮೇಲೆ ಅವಳೇ ಹೇಳಿದಳು. ಹೆಡ್‌ಮಿಸ್ ಮೊದಲು ನಂಬಲಿಲ್ಲವಂತೆ. ಹಳೆಯ ಪರಿಚಯಕ್ಕೆ ಮೇಷ್ಟ್ರ ತಪ್ಪನ್ನು ಮೈಮೇಲೆ ಎಳೆದುಕೊಳ್ಳಲು ಬಂದಿದ್ದಾಳೆ ಎಂದುಕೊಂಡರಂತೆ. ಇವಳು ರಿಪೇರಿಯವನಿಂದ ಬರೆಸಿಕೊಂಡಿದ್ದ ಪಟ್ಟಿಯನ್ನು ಮುಂದಿಟ್ಟಳು: ಹಳೇ ಹಾಡು ಒಂದರಿಂದ ಹದಿನೇಳರವರೆಗೆ, ಪ್ರತಿಯೊಂದರ ಮುಂದೆ ತರಗತಿ, ವಿಷಯದ ಹೆಸರು. ಹೆಡ್‌ಮಿಸ್ ತಮ್ಮ ಫೋನಿನಲ್ಲಿದ್ದ ಹೆಸರನ್ನು ಪಟ್ಟಿಯ ಪಕ್ಕ ಹಿಡಿದು ನೋಡಿದರು. ಫೋನನ್ನು ಮೇಜಿನ ಮೇಲಿಟ್ಟು, "ಬಾಗಿಲು ಹಾಕ್ಕೊಂಡಿದ್ರಿ ತಾನೆ?" ಎಂದರು.

"ಹಾಕ್ಕೊಂಡಿದ್ದೆ. ಚಿಲಕಾನೂ ಹಾಕಿದ್ದೆ."

ಮೇಷ್ಟ್ರು ಇವತ್ತೇ ತರಗತಿಗೆ ಹೋಗಲಿ ಎಂದರು. ಇನ್ನು ಮುಂದೆ ಪತ್ರಿಕೆಯನ್ನು ಶಾಲೆಯಲ್ಲೇ, ಇಂಟರ್ನೆಟ್ಟಿಗೆ ಸೇರಿಸದ ಕಂಪ್ಯೂಟರಿನಲ್ಲಿ ತಾವೇ ಟೈಪ್ ಮಾಡುವುದಾಗಿ ಹೆಡ್‌ಮಿಸ್ ಹೇಳಿದರು. ಅವರಿಗೆ ಎರಡು ಬೆರಳಿನಲ್ಲಿ ಮಾತ್ರ ಬರುವುದು. ಕೋಣೆಯಿಂದ ಹೊರಗೆ ಕಳಿಸುವಾಗ ಬಾಗಿಲವರೆಗೆ ಬಂದರು, ಕೈ ಹಿಡಿದುಕೊಂಡರು, ಆದರೆ ಮತ್ತೆ ಬನ್ನಿ ಎನ್ನಲಿಲ್ಲ.

ಹೊರಗೆ ಬೆಂಚಿನ ಮೇಲೆ, ವಿಚಾರಣೆಗೆಂದು ಬಂದಿದ್ದ ಮೇಷ್ಟ್ರು ಕೂತಿದ್ದರು. ಎಲ್ಲವೂ ಕೇಳಿಸಿತ್ತು. ಕ್ಷಮಿಸಿ ಎಂದು ಇವಳು ಹೇಳುವ ಮೊದಲೇ ಅವರು ಎದ್ದು ನಿಂತರು. "ನಿನ್ನೆ ನಮ್ಮನೆಯವಳೂ ಕೇಳಿದ್ಲು ಟೈಪಿಸ್ಟಮ್ಮ. ನನ್ನ ಹತ್ರನಾದ್ರೂ ನಿಜ ಹೇಳಿ ಅಂದ್ಲು." ಅಷ್ಟು ಹೇಳಿ, ಸೀಮೆಸುಣ್ಣದ ಡಬ್ಬಿ ಎತ್ತಿಕೊಂಡು ತರಗತಿಗೆ ಹೋದರು.

ಅವಳು ಮನೆಗೆ ಬಂದಾಗ ಯಜಮಾನರು ಹಾಡು ಹಾಕಿರಲಿಲ್ಲ. ಟೈಪಿಂಗ್ ಕೋಣೆಯ ಬಾಗಿಲು ತೆರೆದೇ ಇತ್ತು. ಒಳಗೆ ಹೋಗಿ ಪರದೆ ಸರಿಸಿದಳು. ಅಷ್ಟು ವರ್ಷ ಬಿಸಿಲು ಕಾಣದ ಗೋಡೆಯ ಮೇಲೆ ಮೇಜಿನ ಅಂಚು ಉಜ್ಜಿದ ಗೆರೆಯೊಂದು ಇತ್ತು. ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿದಳು, ಹೋಗಲಿಲ್ಲ.

ಕೆಳಗೆ ನಲ್ಲಿ ಗೊರಗೊರ ಎಂದಿತು. ಆ ಹೊತ್ತಿಗೆ ನಮ್ಮ ಕಟ್ಟಡಕ್ಕೆ ನೀರು ಬಿಡುತ್ತಾರೆ, ಮುಕ್ಕಾಲು ಗಂಟೆ ಅಷ್ಟೇ. ಅವಳು ಎರಡು ಬಕೆಟ್ ಹಿಡಿದು ಇಳಿದು ಬಂದಳು. ಮೊದಲ ನೀರು ಕೆಂಪಗೆ ಬಂತು. ಅದನ್ನು ಚೆಲ್ಲಿ, ತಿಳಿಯಾಗುವವರೆಗೆ ಕಾದು, ಬಕೆಟ್ ನಲ್ಲಿಯ ಕೆಳಗೆ ಇಟ್ಟಳು. ತುಂಬಿದ್ದನ್ನು ನಾನು ಪಕ್ಕಕ್ಕೆ ಎಳೆದೆ, ಅವಳು ಇನ್ನೊಂದನ್ನು ಒಡ್ಡಿದಳು.