ಬಳೆಯಲ್ಲಿದ್ದ ಪಿನ್ನು

ಬೆಳಿಗ್ಗೆ ಬೀರು ತೆಗೆದಾಗ ಹಳೆಯ ತಗಡಿನ ಡಬ್ಬಿಯೊಂದು ಜಾರಿ ಬಿದ್ದು ನೆಲದ ತುಂಬ ಪಿನ್ನುಗಳು ಚೆಲ್ಲಿದವು. ಹೊಲಿಗೆ ಮಿಷನ್ನಿನ ಎಣ್ಣೆಯ ವಾಸನೆ ಇನ್ನೂ ಡಬ್ಬಿಗೆ ಅಂಟಿಕೊಂಡಿತ್ತು. ಮದುವೆಯಾಗಿ ತುಮಕೂರಿಗೆ ಬರುವಾಗ ಗುಬ್ಬಿಯ ಹೊಲಿಗೆ ಟೀಚರ್ ಕೊಟ್ಟಿದ್ದ ಡಬ್ಬಿ. ಪಿನ್ನು ಆರಿಸುತ್ತ ಕೂತವಳಿಗೆ ಬೇಗ ಏಳಲಾಗಲಿಲ್ಲ…

ಟೀಚರ್ ಬಳೆಯಲ್ಲಿ ಸದಾ ನಾಲ್ಕೈದು ಪಿನ್ನು ನೇತಾಡುತ್ತಿದ್ದವು. ಕ್ಲಾಸು ಮುಗಿದ ಮೇಲೆ ನಮ್ಮನ್ನು ಒಬ್ಬೊಬ್ಬರಾಗಿ ಬಾಗಿಲಲ್ಲಿ ನಿಲ್ಲಿಸಿ, ಒಂದು ಸುತ್ತು ತಿರುಗಿಸಿ, ಸೆರಗೋ ದುಪಟ್ಟವೋ ಜಾರಿದ್ದರೆ ಪಿನ್ನು ಹಾಕಿಯೇ ಬೀದಿಗೆ ಬಿಡುತ್ತಿದ್ದರು. “ಏನೇ, ಸೀರೆ ಉಟ್ಟಿದೀಯೋ ಸುತ್ಕೊಂಡಿದೀಯೋ?” ಎಂದು ರೇಗಿಸುತ್ತಿದ್ದರು. ಅವರನ್ನಂತೂ ನೆರಿಗೆ ಕೆಟ್ಟ ಸೀರೆಯಲ್ಲಿ ಕಂಡವರಿಲ್ಲ. ಜ್ವರ ಬಂದು ಮಲಗಿದ್ದರೂ ತಲೆ ಬಾಚಿಕೊಂಡೇ ಬಾಗಿಲು ತೆಗೆಯುತ್ತಿದ್ದರು.

ಹೋದ ವರ್ಷ ಅವರನ್ನು ತುಮಕೂರಿನ ಆಸ್ಪತ್ರೆಗೆ ಸೇರಿಸಿದರು. ಜೊತೆಗಿದ್ದ ಅವರ ತಂಗಿಗೆ ನಾನು ದಿನಾ ಊಟ ಒಯ್ಯುತ್ತಿದ್ದೆ. ಟೀಚರ್ ಮೂಗಿನಲ್ಲಿ ನಳಿಕೆ, ತಲೆ ಬೋಳು, ಮೈಮೇಲೆ ಗುಂಡಿ ಕಿತ್ತುಹೋದ ಆಸ್ಪತ್ರೆಯ ಅಂಗಿ. ಒಂದು ದಿನ ನನ್ನ ಕೈ ಹಿಡಿದುಕೊಂಡು, “ನನ್ನ ಹಿಂಗೆ ಯಾರಿಗೂ ತೋರಿಸ್ಬೇಡ ಕಣೇ” ಎಂದರು. ಹೂಂ ಎಂದೆ.

ಆ ವಾರವೇ ಕುಣಿಗಲ್‌ನಿಂದ ಗೆಳತಿ ಫೋನ್ ಮಾಡಿದಳು. ನಾವಿಬ್ಬರೂ ಒಂದೇ ಮಿಷನ್ನಿನಲ್ಲಿ ಸರದಿ ಮೇಲೆ ಕಲಿತವರು. ಬಿಕ್ಕಿ ಬಿಕ್ಕಿ ಅತ್ತಳು. “ಬರಕ್ಕಾಗ್ತಿಲ್ಲ ಕಣೇ, ವಿಡಿಯೋ ಕಾಲಲ್ಲಿ ಒಂದ್ಸಲ ಮುಖ ತೋರ್ಸೇ. ನಾನೇನ್ ಹೊರಗಿನವಳಾ?”

ಹೊರಗಿನವಳಲ್ಲ ಎಂದುಕೊಂಡೆ. ಟೀಚರ್ ನಿದ್ದೆಯಲ್ಲಿದ್ದರು. ತಂಗಿ ಔಷಧಿ ತರಲು ಹೋಗಿದ್ದರು. ಒಂದು ಕೈಯಲ್ಲಿ ಫೋನ್ ಹಿಡಿದು, ಮುಖ ಚೆನ್ನಾಗಿ ಕಾಣಲೆಂದು ಇನ್ನೊಂದು ಕೈಯಿಂದ ಹೊದಿಕೆಯನ್ನು ನಾನೇ ಕೆಳಗೆ ಸರಿಸಿದೆ. ಅರೆಗಳಿಗೆ, ಅಷ್ಟೇ.

ಅವರು ತೀರಿಕೊಂಡ ದಿನ ದೇಹ ಇನ್ನೂ ಗುಬ್ಬಿ ತಲುಪಿರಲಿಲ್ಲ. ಅಷ್ಟರಲ್ಲೇ ಗೆಳತಿಯ ಸ್ಟೇಟಸ್‌ನಲ್ಲಿ ಅದೇ ನೋಟ ಬಂತು. ನನಗೆ ತಿಳಿಯದಂತೆ ಸ್ಕ್ರೀನ್‌ಶಾಟ್ ತೆಗೆದಿದ್ದಳು. ನಳಿಕೆ, ತೆರೆದ ಬಾಯಿ, ಕೆಳಗೆ ‘ಮಿಸ್ ಯೂ ಟೀಚರ್’. ಮೂಲೆಯ ಪುಟ್ಟ ಚೌಕದಲ್ಲಿ ಅವಳದೇ ಅಳುಮುಖ.

“ತೆಗ್ದುಬುಡೇ, ನಿನ್ನ ಕಾಲ್ ಹಿಡ್ಕೋತೀನಿ” ಎಂದೆ.

“ಪ್ರೀತಿಗೆ ಹಾಕಿದೀನಿ ಕಣೇ. ಎಷ್ಟ್ ಜನ ಅಳ್ತಾವ್ರೆ ನೋಡು” ಎಂದಳು.

ಸಂಜೆಗೆ ತೆಗೆದಳು. ಆಗಲೇ ಹಳೇ ವಿದ್ಯಾರ್ಥಿಗಳ ಗ್ರೂಪು, ಊರಿನ ಗ್ರೂಪು ಎಲ್ಲ ದಾಟಿ, ಗುಬ್ಬಿಯಲ್ಲಿ ಅದನ್ನು ನೋಡದವರೇ ಇರಲಿಲ್ಲ. ನಂಬಿಸಿ ಕತ್ತು ಕುಯ್ದಳಲ್ಲ ಎಂದು ಹೊಟ್ಟೆ ಉರಿಯಿತು. ಈಗಲೂ ಉರಿಯುತ್ತದೆ.

ಮೂರನೇ ದಿನ ಹಾಲು-ತುಪ್ಪ ಬಿಡಲು ಹೋದಾಗ, ಆ ಸ್ಕ್ರೀನ್‌ಶಾಟ್ ನನ್ನ ಗೆಳತಿಯದು ಎಂದು ಹೇಳಬೇಕೆಂದಿದ್ದೆ. ಬಾಯಿ ತೆರೆಯುವ ಮೊದಲೇ ಟೀಚರ್ ತಂಗಿ, “ನಿನ್ನ ಬಳೆ ನೋಡಿ ಗುರ್ತು ಹಿಡ್ದೆ ಕಣವ್ವ” ಎಂದರು. ನನಗೆ ಪ್ರಸಾದವನ್ನು ಬೇರೆಯವರ ಕೈಲಿ ಕೊಡಿಸಿದರು.

ಗೆಳತಿಯ ನಂಬರು ಅಳಿಸಿ ಎಷ್ಟೋ ದಿನವಾಯಿತು. ಗ್ರೂಪಿನಲ್ಲಿ ಬಂದ ಆ ಚಿತ್ರವನ್ನು ಮಾತ್ರ ಅಳಿಸಿಲ್ಲ. ಇವತ್ತು ಪಿನ್ನುಗಳನ್ನೆಲ್ಲ ಡಬ್ಬಿಗೆ ತುಂಬಿದ ಮೇಲೆ ಮತ್ತೆ ತೆಗೆದು ನೋಡಿದೆ. ಹೊದಿಕೆ ಸರಿಸುತ್ತಿರುವ ನನ್ನ ಕೈ ಇದೆ. ಟೀಚರ್ ಕಲಿಸಿದ ಅಭ್ಯಾಸದಂತೆ ಬಳೆಯಲ್ಲಿ ಎರಡು ಪಿನ್ನು ನೇತಾಡುತ್ತಿವೆ. ಗೇಣು ದೂರದಲ್ಲಿ, ಅವರ ಅಂಗಿಯ ಎದೆ ತೆರೆದೇ ಇದೆ.